ಕೂಲಿಂಗ್ ನಿಂತ್ರೆ ಏನಾಗುತ್ತೆ ಅಂತ ಕ್ಲಾಸಲ್ಲೇ ಕೇಳಿ

ಸಂಪಾದಕರೇ,

ಕೆಮಿಕಲ್ ಇಂಜಿನಿಯರಿಂಗ್ ಮುಗಿಸಿ ನಮ್ಮಂಥ ಬಲ್ಕ್ ಡ್ರಗ್ (ಔಷಧಿಯ ಮೂಲ ಕೆಮಿಕಲ್) ಪ್ಲಾಂಟಿಗೆ ಟ್ರೈನಿಯಾಗಿ ಬರೋ ಮಕ್ಕಳು ಓದಿನಲ್ಲಿ ಕಮ್ಮಿ ಏನಿಲ್ಲ, ರಿಯಾಕ್ಟರ್, ಅಂದ್ರೆ ರಿಯಾಕ್ಷನ್ ನಡೆಸೋ ಪಾತ್ರೆಯ ವಾಲ್ಯೂಮ್ ಎಷ್ಟು ಬೇಕು ಅಂದ್ರೆ ಪಟ್ ಅಂತ ಲೆಕ್ಕ ಹಾಕಿ ಕೊಡ್ತಾರೆ. ಆದ್ರೆ ನೈಟ್ ಶಿಫ್ಟಲ್ಲಿ ಡೋಸಿಂಗ್ (ರಿಯೇಜೆಂಟ್ ಅನ್ನೋ ಕೆಮಿಕಲ್‌ನ ಸ್ವಲ್ಪಸ್ವಲ್ಪವೇ ಒಳಗೆ ಬಿಡೋದು) ನಡೀತಿರುವಾಗ ಅದನ್ನ ಕಲಕೋ ಸ್ಟಿರರ್ ಟ್ರಿಪ್ ಆಗಿ ನಿಂತ್ರೆ ಏನ್ ಮಾಡ್ತೀರಿ ಅಂತ ಕೇಳಿದ್ರೆ ಹೆಚ್ಚಿನವರು ಹೇಳೋದು, ತಕ್ಷಣ ವಾಪಸ್ ಆನ್ ಮಾಡ್ತೀವಿ ಸರ್ ಅಂತ. ಅದೇ ಅಪಾಯ! ಹಾಕಿದ ರಿಯೇಜೆಂಟ್ ಬೆರೆಯದೆ ಒಂದ್ಕಡೆ ಕೂತಿರುತ್ತೆ, ಸ್ಟಿರರ್ ತಿರುಗಿದ ತಕ್ಷಣ ಅಷ್ಟೂ ಒಟ್ಟಿಗೇ ರಿಯಾಕ್ಟ್ ಆಗಿ ಟೆಂಪರೇಚರ್ ಕೈಗೆ ಸಿಗಲ್ಲ. ಮೊದ್ಲು ಡೋಸಿಂಗ್ ನಿಲ್ಲಿಸ್ಬೇಕು. ಇದು ಮಕ್ಕಳ ತಪ್ಪಲ್ಲ, ನಾಲ್ಕು ವರ್ಷದಲ್ಲಿ ಯಾರೂ ಅವ್ರಿಗೆ ಈ ಪ್ರಶ್ನೆ ಕೇಳೇ ಇಲ್ಲ. ಸೇಫ್ಟಿ ಅಂದ್ರೆ ಹೆಲ್ಮೆಟ್ಟು, ಶೂ, ಗಾಗಲ್ಸು ಅಂತಲೇ ಅಂದ್ಕೊಂಡು ಬಂದಿರ್ತಾರೆ.

ಅಮೆರಿಕದ ಫ್ಲಾರಿಡಾದಲ್ಲಿ ಟಿ2 ಲ್ಯಾಬೊರೇಟರೀಸ್ ಅಂತ ಒಂದು ಸಣ್ಣ ಕಂಪನಿ ಇತ್ತು. 2007ರ ಡಿಸೆಂಬರ್ 19ಕ್ಕೆ ಅಲ್ಲಿ ರಿಯಾಕ್ಟರ್ ಸಿಡಿದು 4 ಜನ ತೀರ್ಕೊಂಡ್ರು, 32 ಜನಕ್ಕೆ ಗಾಯ ಆಯ್ತು. ಪೆಟ್ರೋಲಿಗೆ ಬೆರೆಸೋ ಕೆಮಿಕಲ್ ಮಾಡ್ತಿದ್ರು, ಸೋಡಿಯಂ ಹಾಕಿ ಮಾಡೋ ರಿಯಾಕ್ಷನ್, ವಿಪರೀತ ಶಾಖ ಬರುತ್ತೆ, ಆದ್ರೆ ಕೂಲಿಂಗಿಗೆ ಬ್ಯಾಕಪ್ ಇರ್ಲಿಲ್ಲ, ಪ್ರೆಶರ್ ಹೊರಗೆ ಬಿಡೋ ರಿಲೀಫ್ ಲೈನ್ ಸಾಲಲಿಲ್ಲ. ಮಾಲೀಕರಲ್ಲಿ ಒಬ್ರು ಕೆಮಿಕಲ್ ಇಂಜಿನಿಯರ್ರೇ, ಸತ್ತವರಲ್ಲಿ ಅವ್ರೂ ಒಬ್ರು. ತನಿಖೆ ಮಾಡಿದ ಅಲ್ಲಿನ ಕೆಮಿಕಲ್ ಸೇಫ್ಟಿ ಬೋರ್ಡ್ ಕಂಪನಿಯ ತಪ್ಪು ಬರೆದು ಕೈತೊಳ್ಕೊಳ್ಳಲಿಲ್ಲ, ರಿಯಾಕ್ಷನ್ ಹತೋಟಿ ತಪ್ಪೋ ಅಪಾಯನ ಡಿಗ್ರಿ ಸಿಲಬಸ್ಸಲ್ಲೇ ಕಲಿಸಿ ಅಂತ ಶಿಫಾರಸು ಮಾಡ್ತು, ಕೋರ್ಸುಗಳಿಗೆ ಮಾನ್ಯತೆ ಕೊಡೋ ಸಂಸ್ಥೆ ಕೂಡ ಆಮೇಲೆ ತನ್ನ ನಿಯಮ ಬದಲಾಯಿಸ್ತು.

ನಮ್ಮಲ್ಲಿ ಭೋಪಾಲ್ ಆಗಿದ್ದು 1984ರಲ್ಲಿ. ತಾರೀಖು, ಗ್ಯಾಸಿನ ಹೆಸ್ರು ಎಲ್ಲ ಮಕ್ಕಳಿಗೆ ಬಾಯಿಪಾಠ. ಗ್ಯಾಸ್ ಸೋರಿದ ಟ್ಯಾಂಕಿನ ರೆಫ್ರಿಜರೇಷನ್ ಮೊದ್ಲೇ ಬಂದ್ ಮಾಡಿದ್ರು, ಗ್ಯಾಸ್ ಸುಡಬೇಕಿದ್ದ ಫ್ಲೇರ್ ಕೆಲಸ ಮಾಡೋ ಸ್ಥಿತೀಲೇ ಇರ್ಲಿಲ್ಲ ಅನ್ನೋದು ಎಷ್ಟು ಜನಕ್ಕೆ ಗೊತ್ತು? 2020ರ ಮೇ 7ಕ್ಕೆ ವಿಶಾಖಪಟ್ಟಣದಲ್ಲಿ ಆಗಿದ್ದೂ ನೋಡಿ, ಲಾಕ್‌ಡೌನ್ ಅಂತ ಪ್ಲಾಂಟೇ ನಿಂತಿತ್ತು, ಟ್ಯಾಂಕಲ್ಲಿ ಸುಮ್ನೆ ಇಟ್ಟಿದ್ದ ಸ್ಟೈರೀನ್ (ಪ್ಲಾಸ್ಟಿಕ್ ಮಾಡೋ ದ್ರವ) ತಾನಾಗೇ ಪಾಲಿಮರೈಸ್ ಆಗ್ತಾ, ಅಂದ್ರೆ ಅದರ ಕಣಗಳು ಒಂದಕ್ಕೊಂದು ಸೇರ್ತಾ, ಬಿಸಿಯೇರಿ ಆವಿಯಾಗಿ ಊರೊಳಗೆ ನುಗ್ತು. ಪ್ಲಾಂಟ್ ಆಫ್ ಇದ್ರೆ ಸೇಫ್ ಅಂತ ನಂಬಿರೋ ಹುಡುಗನಿಗೆ ಈ ಒಂದು ಕೇಸ್ ಸಾಕು.

ಇದಕ್ಕೆ ಅಂತ ಇನ್ನೊಂದು ಎಲೆಕ್ಟಿವ್ ಸೇರಿಸಿ ಅಂತ ನಾನು ಕೇಳ್ತಿಲ್ಲ, ಎಲೆಕ್ಟಿವ್ ಆದ್ರೆ ಸುಲಭವಾಗಿ ಮಾರ್ಕ್ಸ್ ಬರೋ ಬೇರೆ ಸಬ್ಜೆಕ್ಟ್ ತಗೊಂಡು ಹೋಗ್ತಾರೆ. ಇರೋ ಪಾಠದೊಳಗೇ ತನ್ನಿ. ಹೀಟ್ ಟ್ರಾನ್ಸ್‌ಫರ್ ಮಾಡುವಾಗ ಒಂದು ಲೆಕ್ಕ ಕೊಡಿ: ಪಾತ್ರೆಯ ಅಳತೆ ಎಲ್ಲಾ ಕಡೆ ಡಬಲ್ ಆದ್ರೆ ಒಳಗಿನ ಮಾಲು 8 ಪಟ್ಟು, ಶಾಖ ಹೊರಗೆ ಹೋಗೋ ಮೈ ಮಾತ್ರ 4 ಪಟ್ಟು. ಲ್ಯಾಬಲ್ಲಿ ಐಸ್ ಬಾತಲ್ಲಿ ತಣ್ಣಗಿದ್ದ ರಿಯಾಕ್ಷನ್ ಪ್ಲಾಂಟಲ್ಲಿ ಯಾಕೆ ಕೆರಳುತ್ತೆ ಅಂತ ಅಲ್ಲೇ ಅರ್ಥ ಆಗುತ್ತೆ. ಫೈನಲ್ ಇಯರ್ ಡಿಸೈನ್ ಪ್ರಾಜೆಕ್ಟಲ್ಲಿ ಒಂದೇ ಒಂದು ವೆಸೆಲ್ಲಿಗಾದ್ರೂ ಹ್ಯಾಝಾಪ್ (ಏನೇನು ಎಡವಟ್ಟಾಗಬಹುದು ಅಂತ ಒಂದೊಂದಾಗಿ ಪರಿಶೀಲಿಸೋದು) ಮಾಡಿಸಿ, ಅದಕ್ಕೆ ವೈವಾದಲ್ಲಿ ಮಾರ್ಕ್ಸ್ ಇಡಿ. ಪ್ರಶ್ನೆಪತ್ರಿಕೆ ತೆಗೆಯೋ ಮೇಷ್ಟ್ರುಗಳಲ್ಲಿ ಕೈಮುಗಿದು ಕೇಳ್ತೀನಿ, ರಿಯಾಕ್ಟರ್ ಲೆಕ್ಕದ ಕೊನೇಲಿ ಒಂದು ಸಾಲು ಸೇರಿಸಿ: ಈಗ ಕೂಲಿಂಗ್ ನೀರು ನಿಂತಿದೆ, ಆಪರೇಟರಿಗೆ ಎಷ್ಟು ಟೈಮ್ ಸಿಗುತ್ತೆ?

– ಒಬ್ಬ ಪ್ರೊಡಕ್ಷನ್ ಇಂಜಿನಿಯರ್, ಬೀದರ್