ಕೊಡಗಿನ ಚರಿತ್ರೆ ಕೊಡಗಿನ ಮಕ್ಕಳಿಗೂ ಸಿಗಲಿ

ಮಾನ್ಯ ಕೊಡಗು ಜಿಲ್ಲಾ ಉಸ್ತುವಾರಿ ಸಚಿವರಿಗೆ,

ನಮಸ್ಕಾರ. ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವವಳು ನಾನು. ಊರಿನ ಚರಿತ್ರೆ ಬರೆದುಕೊಂಡು ಬನ್ನಿ ಎಂದರೆ ಮಕ್ಕಳು ಮೊದಲು ಮನೆಯವರ ಮೊಬೈಲ್ ಹಿಡಿಯುತ್ತಾರೆ. ಸಿಗುವುದು ಹೋಂಸ್ಟೇ, ಜಲಪಾತ, ರಾಜಾಸೀಟಿನ ಫೋಟೊ. ಇನ್ನೂ ಕೆದಕಿದರೆ 1855ರಲ್ಲಿ ಮೊಗ್ಲಿಂಗ್, 1870ರಲ್ಲಿ ರಿಕ್ಟರ್, 1886ರಲ್ಲಿ ಲೂಯಿಸ್ ರೈಸ್ ಪ್ರಕಟಿಸಿದ ಪುಸ್ತಕಗಳು ಉಚಿತವಾಗಿ ತೆರೆದುಕೊಳ್ಳುತ್ತವೆ. ಅವರ ಶ್ರಮಕ್ಕೆ ನಾವು ಋಣಿಗಳೇ. ಆದರೆ ಅಲ್ಲಿನ ವಿವರಣೆಯೆಲ್ಲ ಇಂಗ್ಲಿಷಿನಲ್ಲಿದೆ, ಎಂಟನೇ ತರಗತಿಯ ಮಗುವಿಗೆ ಎಟುಕುವುದಿಲ್ಲ. ಮೇಲಾಗಿ ಅದು ಪಾದ್ರಿಗಳು, ಅಧಿಕಾರಿಗಳು ಕಂಡ ಕೊಡಗು.

ನಮ್ಮವರೇ ಕಂಡ ಕೊಡಗೂ ಇದೆಯಲ್ಲ. ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಹಾಡು, ಗಾದೆ, ಪದ್ಧತಿಗಳನ್ನು ಕಲೆಹಾಕಿ 1924ರಲ್ಲಿ ‘ಪಟ್ಟೋಲೆ ಪಳಮೆ’ ಹೊರತಂದರು. ಅಷ್ಟು ದೊಡ್ಡ ಕೆಲಸವಾದರೂ ದನಿಯನ್ನು ಪುಸ್ತಕದೊಳಗೆ ಇಡಲಾಗುವುದಿಲ್ಲ. ನಾಲ್ವರು ದುಡಿ ಎಂಬ ಪುಟ್ಟ ಚರ್ಮವಾದ್ಯ ಹಿಡಿದು ನಿಂತು, ಇಬ್ಬರು ಎತ್ತಿಕೊಟ್ಟ ಸಾಲನ್ನು ಇನ್ನಿಬ್ಬರು ಹಿಡಿದುಕೊಳ್ಳುವಾಗಿನ ಆ ಧಾಟಿ, ಆ ಎಳೆತ ಕಿವಿಯಿಂದಲೇ ಕಲಿಯಬೇಕಾದದ್ದು. ಬಲ್ಲವರಿಗೆ ವಯಸ್ಸಾಗುತ್ತಿದೆ. ಇಲ್ಲಿನ ಗೌಡರು ಆಡುವ ಅರೆಭಾಷೆಯ ಸೋಬಾನೆ, ಹಾಡಿ ಎನ್ನುವ ಬುಡಕಟ್ಟು ಕೇರಿಗಳಲ್ಲೂ ತೋಟದ ಕೂಲಿಯವರ ಲೈನ್ ಮನೆಗಳಲ್ಲೂ ಇರುವ ಯರವ ಬುಡಕಟ್ಟಿನವರ ಕಥೆಗಳು? ಕೊಡಗೆಂದರೆ ಇವರೆಲ್ಲರೂ ಸೇರಿದ ನಾಡು, ಸ್ವಾಮಿ.

2018ರ ಆಗಸ್ಟಿನಲ್ಲಿ ಗುಡ್ಡಗಳು ಜರಿದು ಮನೆಗಳೇ ಮಣ್ಣುಪಾಲಾದವು. ಅಂಥ ಹೊತ್ತಿನಲ್ಲಿ ಜೀವ ಉಳಿಸಿಕೊಳ್ಳುವವರಿಗೆ ಪೆಟ್ಟಿಗೆಯೊಳಗಿನ ಜಮ್ಮಾ ಕಾಗದ (ವಂಶಪಾರಂಪರ್ಯ ಜಮೀನಿನ ದಾಖಲೆ), ಅಜ್ಜಂದಿರ ಪಟಗಳನ್ನು ಹುಡುಕುತ್ತಾ ಕೂರಲಾಗುತ್ತದೆಯೇ? ಅವುಗಳ ಸ್ಕ್ಯಾನ್ ಪ್ರತಿ ಬೇರೆಡೆ ಭದ್ರವಾಗಿರಬೇಕು.

ಕೊಡವ ಸಾಹಿತ್ಯ ಅಕಾಡೆಮಿ, ಅರೆಭಾಷೆ ಅಕಾಡೆಮಿ ಎರಡೂ ಮಡಿಕೇರಿಯಲ್ಲೇ ಇವೆ. ಅವರನ್ನೂ ಜಿಲ್ಲಾಡಳಿತವನ್ನೂ ಒಟ್ಟಿಗೆ ಕೂರಿಸಿ, ಕನ್ನಡದಲ್ಲೇ ಹುಡುಕಿ ಓದಬಹುದಾದ, ಕೇಳಬಹುದಾದ ಒಂದು ಡಿಜಿಟಲ್ ಭಂಡಾರ ಕಟ್ಟಿಸಿ. ಐನ್‌ಮನೆಗಳಿಗೆ, ಅಂದರೆ ಕುಟುಂಬಗಳ ಮೂಲಮನೆಗಳಿಗೆ, ಸ್ಕ್ಯಾನರ್ ಹೋಗಲಿ, ಮೂಲ ಕಾಗದ ಮನೆಯವರ ಕೈಬಿಡದಿರಲಿ. ಯಾವುದನ್ನು ಎಲ್ಲರಿಗೂ ತೋರಿಸಬೇಕು, ಯಾವುದು ಬೇಡ ಎಂಬುದನ್ನು ಆಯಾ ಮನೆ, ಆಯಾ ಹಾಡಿಯವರೇ ಹೇಳಲಿ. ಹಾಡಿದವರಿಗೆ ಗೌರವಧನ ಕೊಡಿ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟೂ ಇರುವುದಿಲ್ಲ, ನೆಟ್‌ವರ್ಕೂ ಇರುವುದಿಲ್ಲ. ಆದ್ದರಿಂದ ಒಮ್ಮೆ ಇಳಿಸಿಕೊಂಡು ಶಾಲೆಯಲ್ಲಿ ಇಟ್ಟುಕೊಳ್ಳುವಂತೆ ಫೈಲುಗಳು ಚಿಕ್ಕದಾಗಿರಲಿ.

ಸುಗ್ಗಿಯ ಹಬ್ಬವಾದ ಪುತ್ತರಿಯ ಹೊತ್ತಿಗೆ ಮನೆಮನೆಗೂ ಹೋಗಿ ಹಾಡುವವರು ಇನ್ನೂ ಇದ್ದಾರೆ. ಧ್ವನಿಮುದ್ರಣದ ಕೆಲಸ ಬರುವ ಪುತ್ತರಿಯಿಂದಲೇ ಶುರುವಾಗುವಂತೆ ಆದೇಶ ಹೊರಡಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಇಂತಿ,
ಕೊಡಗಿನ ಒಬ್ಬ ಶಿಕ್ಷಕಿ