100 ದಿನ ಆಯಿತು, ಒಂದು ಥ್ಯಾಂಕ್ಸ್ ಬಾಕಿ ಇದೆ

ಇವರು ಆಸ್ಪತ್ರೆಯಿಂದ ಮನೆಗೆ ಬಂದು ನಿನ್ನೆಗೆ 100 ದಿನ. ಈಗ ಯಾರ ಕೈಯನ್ನೂ ಹಿಡಿಯದೆ ಗೇಟಿನ ತನಕ ನಡೆದು ಬರ್ತಾರೆ. ನನ್ನ ಮೇಲೆ ರೇಗುತ್ತಾರೆ. ಅಂದರೆ ಆರಾಮಾಗಿದ್ದಾರೆ ಅಂತಲೇ ಅರ್ಥ. ಏನಾಗಿತ್ತು, ಹೇಗಾಯಿತು ಅನ್ನೋದೆಲ್ಲ ನಿಮಗೆ ಗೊತ್ತೇ ಇದೆ, ಮತ್ತೆ ಕೆದಕುವುದಿಲ್ಲ.

ರಕ್ತ ಕೊಟ್ಟವರು, ಮಕ್ಕಳನ್ನು ಶಾಲೆಯಿಂದ ಕರೆತಂದವರು, ನನ್ನ ಪಾಲಿನ ಕೆಲಸವನ್ನೂ ಮುಗಿಸಿ ಅದರ ಮಾತೇ ಎತ್ತದ ಆಫೀಸಿನವರು, ಬಿಲ್ಲುಗಳ ತಲೆನೋವು ಹೊತ್ತುಕೊಂಡ ಭಾವ, ರಾತ್ರಿ ಪಾಳಿಯ ಸಿಸ್ಟರ್‌ಗಳು, ನಿಮಗೆಲ್ಲ ಕೈಮುಗಿದು ಥ್ಯಾಂಕ್ಸ್. ಯಾರನ್ನಾದರೂ ಮರೆತಿದ್ದರೆ ಬೇಜಾರು ಮಾಡ್ಕೋಬೇಡಿ. ಆ ದಿನಗಳಲ್ಲಿ ನಾನು ನನ್ನ ಫೋನ್ ನಂಬರನ್ನೇ ಮರೆತಿದ್ದೆ.

ಆದರೆ ಇದನ್ನು ಬರೆಯೋಕೆ ಕೂತಿದ್ದು ನನ್ನ ನಾದಿನಿಗಾಗಿ.

ನಾವಿಬ್ಬರೂ ಎರಡು ವರ್ಷದಿಂದ ಸರಿಯಾಗಿ ಮಾತಾಡಿರಲಿಲ್ಲ. ಕಾರಣ ಇಲ್ಲಿ ಬರೆಯುವಷ್ಟು ದೊಡ್ಡದೇನಲ್ಲ. ಅವತ್ತು ಅವಳಿಗೆ ಫೋನ್ ಮಾಡಿದ್ದೂ ನಾನಲ್ಲ, ಭಾವ. ರಾತ್ರಿ ಹತ್ತೂವರೆಗೆ ಬಂದವಳು ಏನೂ ಕೇಳದೆ ನನ್ನ ಪಕ್ಕದ ಕುರ್ಚಿಯಲ್ಲಿ ಕೂತಳು. ಐಸಿಯು ಬಾಗಿಲು ಮುಚ್ಚಿತ್ತು. ಬೆಳಗಿನ ತನಕ ಏನನ್ನೂ ಹೇಳೋಕಾಗಲ್ಲ ಅಂದಿದ್ದರು.

ನಾನು ಫೋನ್ ನೋಡುತ್ತಿದ್ದೆ. ಆ ವಾರವಿಡೀ ಅದೇ ಕೆಲಸ. ಯುದ್ಧದ ಊರೊಂದರಲ್ಲಿ ಒಬ್ಬ ಅಪ್ಪ ಬಟ್ಟೆಯಲ್ಲಿ ಸುತ್ತಿದ ಮಗುವನ್ನು ಎತ್ತಿಕೊಂಡು ನಿಂತಿದ್ದ. ನನ್ನ ಬೆರಳು ನಿಲ್ಲಲೇ ಇಲ್ಲ. ಮುಂದಿನದು ಕ್ರಿಕೆಟ್, ಅದರ ಮುಂದಿನದು ಸೋಫಾ ಜಾಹೀರಾತು. ಮೂರನ್ನೂ ಅಷ್ಟಷ್ಟೇ ಹೊತ್ತು ನೋಡಿದೆ. ಮೊದಲೆಲ್ಲ ಇಂಥ ಫೋಟೋ ನೋಡಿದರೆ ಇಡೀ ದಿನ ಮನಸ್ಸು ಕೆಡುತ್ತಿತ್ತು.

ಎದುರಿನ ಬೆಂಚಿನಲ್ಲಿ ಒಬ್ಬ ಹೆಂಗಸು ಒಂಟಿಯಾಗಿ ಕೂತಿದ್ದಳು. ಎದ್ದು ಬಂದು, ಚಾರ್ಜರ್ ಇದೆಯಾ ಅಕ್ಕಾ ಅಂತ ಕೇಳಿದಳು. ನನ್ನ ಬ್ಯಾಗಲ್ಲೇ ಇತ್ತು. ಕೇಳಿಸದವಳ ಹಾಗೆ ಕೂತೆ. ನಮ್ಮ ಪಾಡೇ ನಮಗೆ ಸಾಕಾಗಿದೆ, ಅಷ್ಟೇ ನನ್ನ ತಲೆಯಲ್ಲಿದ್ದದ್ದು. ನಾದಿನಿ ನನ್ನ ಬ್ಯಾಗಿಗೆ ಕೈಹಾಕಿ ಚಾರ್ಜರ್ ತೆಗೆದು ಕೊಟ್ಟಳು. ಗೋಡೆಯ ಪ್ಲಗ್ ಸಡಿಲವಾಗಿತ್ತು. ಪಿನ್ ಜಾರದ ಹಾಗೆ ಬೆರಳಲ್ಲಿ ಒತ್ತಿ ಹಿಡಿದುಕೊಂಡು ನೆಲದ ಮೇಲೇ ಕೂತಳು. ಆ ಹೆಂಗಸು ಊರಿಗೆ ಫೋನ್ ಮಾಡಿ ಮುಗಿಸುವ ತನಕ ಹಾಗೇ ಕೂತಿದ್ದಳು. ಆಮೇಲೆ ಬಂದು ನನ್ನ ಕೈಯಿಂದ ಫೋನ್ ಕಿತ್ತುಕೊಂಡಳು. "ಬೆಳಗ್ಗೆ ಕೊಡ್ತೀನಿ ಅತ್ತಿಗೆ, ಸ್ವಲ್ಪ ಕಣ್ಣು ಮುಚ್ಚಿ" ಅಂದಳು. ರಾತ್ರಿಯೆಲ್ಲ ನನ್ನ ತಲೆ ಅವಳ ಹೆಗಲ ಮೇಲಿತ್ತು. ಆ ಹೆಗಲು ಒಮ್ಮೆಯೂ ಅಲುಗಲಿಲ್ಲ.

ಇನ್ನೊಂದು ವಿಷಯ ಇವತ್ತಿನ ತನಕ ಯಾರಿಗೂ ಹೇಳಿಲ್ಲ. ಕಣ್ಣು ಮುಚ್ಚಿಕೊಂಡು ನಾನು ಕೇಳಿಕೊಂಡಿದ್ದು, ಯಾರನ್ನಾದರೂ ಕರ್ಕೊಂಡು ಹೋಗು, ಇವರನ್ನು ಬಿಟ್ಟುಬಿಡು ಅಂತ. ಬೆಳಗಿನ ಜಾವ ಒಳಗಿನಿಂದ ಕರೆ ಬಂದಿದ್ದು ಆ ಹೆಂಗಸಿಗೆ. ಅವಳು ಹೊರಗೆ ಬಂದಾಗ ನಾನು ಎಚ್ಚರವಾಗಿದ್ದೆ. ಎದ್ದು ಹೋಗಲಿಲ್ಲ. ನಾದಿನಿ ಹೋದಳು.

ಅದಾದ ಮೇಲೆ ಇವರು ಚೇತರಿಸಿಕೊಂಡರು, ನನಗೆ ಮಾತ್ರ ನಿದ್ದೆ ಹಾರಿಹೋಯಿತು. ಮನಶ್ಶಾಸ್ತ್ರ ಪಾಠ ಮಾಡುವ ಗೆಳತಿಯ ಹತ್ತಿರ ಚಾರ್ಜರ್ ವಿಷಯ ಹೇಳಿಕೊಂಡೆ. ಅವಳು ಬೈಯಲೂ ಇಲ್ಲ, ಸಮಾಧಾನವನ್ನೂ ಹೇಳಲಿಲ್ಲ. 1973ರಲ್ಲಿ ಪ್ರಕಟವಾದ ಒಂದು ಪ್ರಯೋಗದ ಬಗ್ಗೆ ಹೇಳಿದಳು. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಡಾರ್ಲಿ, ಬ್ಯಾಟ್ಸನ್ ಅನ್ನುವ ಇಬ್ಬರು ಮಾಡಿದ್ದು. ಧರ್ಮಶಾಸ್ತ್ರ ಓದುತ್ತಿದ್ದ 40 ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಪಕ್ಕದ ಕಟ್ಟಡಕ್ಕೆ ಕಳಿಸಿದರು. ದಾರಿಯಲ್ಲಿ ಒಬ್ಬ ಬಾಗಿಲ ಹತ್ತಿರ ಕುಸಿದು ಕೂತು ಕೆಮ್ಮುತ್ತಿದ್ದ. ಇನ್ನೂ ಟೈಮ್ ಇದೆ ಅಂತ ಹೇಳಿಸಿಕೊಂಡು ಹೊರಟವರಲ್ಲಿ ಶೇ. 63 ಮಂದಿ ನೆರವಿಗೆ ಬಂದರು. ಆಗಲೇ ಲೇಟಾಯ್ತು, ಓಡು ಅಂತ ಹೇಳಿಸಿಕೊಂಡವರಲ್ಲಿ ಶೇ. 10 ಮಂದಿ. ತಮಾಷೆ ಅಂದರೆ, ಆ 40 ಮಂದಿಯಲ್ಲಿ ಅರ್ಧದಷ್ಟು ಜನ ಹೊರಟಿದ್ದೇ ದಾರಿಯಲ್ಲಿ ಬಿದ್ದವನಿಗೆ ನೆರವಾದ ಬೈಬಲಿನ ಸಮಾರ್ಯದವನ ಬಗ್ಗೆ ಮಾತಾಡಲು!

ಸುದ್ದಿ ನೋಡುವ ಚಟದ ಬಗ್ಗೆಯೂ ಹೇಳಿದಳು. 2013ರಲ್ಲಿ ಬಾಸ್ಟನ್ ಮ್ಯಾರಥಾನ್‌ನಲ್ಲಿ ಬಾಂಬ್ ಸಿಡಿದ ಮೇಲಿನ ವಾರದಲ್ಲಿ ದಿನಕ್ಕೆ ಆರು ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಅದರ ಸುದ್ದಿ ನೋಡಿದವರು, ಸ್ಫೋಟದ ಜಾಗದಲ್ಲೋ ಅದರ ಹತ್ತಿರವೋ ಇದ್ದವರಿಗಿಂತ ಹೆಚ್ಚಿನ ಒತ್ತಡ ಅನುಭವಿಸಿದ್ದರಂತೆ. ಅದನ್ನು ಕೇಳಿದ ಮೇಲೆ ನಾನು ಸುದ್ದಿಯನ್ನು ಬೆಳಗ್ಗೆ ಒಂದು ಸಲ ಮಾತ್ರ ನೋಡ್ತೀನಿ. ಪೂರ್ತಿ ಬಿಟ್ಟಿಲ್ಲ. ಬಿಟ್ಟರೆ ಅದೂ ಒಂಥರಾ ಕೇಳಿಸದವಳ ಹಾಗೆ ಕೂತಂತೆಯೇ, ಅಲ್ವಾ? ಮೊನ್ನೆ ಒಂದು ಫೋಟೋ ನೋಡಿ ಬೆರಳು ನಿಂತಿತು. ಕಣ್ಣಲ್ಲಿ ನೀರು ಬಂತು. ಹಳೆಯ ನಾನು ವಾಪಸ್ ಬರ್ತಿದ್ದೀನೇನೋ.

ಆದರೂ ಆ ಪ್ರಯೋಗದಲ್ಲಿ ಒಂದು ಕಡೆ ನನ್ನ ಮನಸ್ಸು ಸಿಕ್ಕಿಹಾಕಿಕೊಂಡಿದೆ. ಓಡುತ್ತಿದ್ದವರಲ್ಲೂ ಕೆಲವರು ನಿಂತರಲ್ಲ, ಅವರು ಯಾಕೆ ನಿಂತರು? ಅವತ್ತು ಒಳಗೆ ಮಲಗಿದ್ದವರು ನಾದಿನಿಯ ಒಡಹುಟ್ಟಿದ ಅಣ್ಣ. ನನಗಿದ್ದ ಭಯವೇ ಅವಳಿಗೂ ಇತ್ತು. ಹೋದ ಭಾನುವಾರ ಧೈರ್ಯ ಮಾಡಿ ಅವಳನ್ನೇ ಕೇಳಿದೆ.

"ಗೊತ್ತಿಲ್ಲ ಅತ್ತಿಗೆ. ಸುಮ್ನೆ ಕೂತಿದ್ದರೆ ನಂಗೆ ಜೋರಾಗಿ ಅಳು ಬಂದುಬಿಡೋದು. ಕೈಗೊಂದು ಕೆಲಸ ಸಿಕ್ತು" ಅಂದಳು.

ನಾನಂತೂ ಅವಳನ್ನು ದೇವತೆ ಮಾಡೋಕೆ ಹೊರಟಿದ್ದೆ. ಅವಳು ಬಿಡಲಿಲ್ಲ. ಅದಕ್ಕೂ ಥ್ಯಾಂಕ್ಸ್ ಕಣೇ. ಎರಡು ವರ್ಷ ಫೋನ್ ಮಾಡದೆ ಇದ್ದದ್ದಕ್ಕೆ ಎಲ್ಲರ ಎದುರಿಗೆ ಸಾರಿ ಕೂಡ.

ಎದುರಿನ ಬೆಂಚಿನ ತಂಗಿ ಇದನ್ನು ಓದೋದಿಲ್ಲ. ಅವಳ ಹೆಸರೂ ನಾನು ಕೇಳಿರಲಿಲ್ಲ. ಚಾರ್ಜರ್ ಅವಳ ಹತ್ತಿರವೇ ಉಳಿಯಿತು.

ಮುಂದಿನ ತಿಂಗಳು ಇವರ ಚೆಕಪ್ ಇದೆ. ನಾದಿನಿಯೂ ಬರ್ತಾಳಂತೆ. "ಹೊಸ ಚಾರ್ಜರ್ ನೀವೇ ತನ್ನಿ ಅತ್ತಿಗೆ, ನನ್ನ ಫೋನಿನ ಪಿನ್ ಯಾರಿಗೂ ಆಗಲ್ಲ" ಅಂತ ಈಗಷ್ಟೇ ಮೆಸೇಜ್ ಹಾಕಿದ್ದಾಳೆ.