ಕೋಲಿನ ದುಡ್ಡು ಬೇರೆ, ಅಪ್ಪನ ದುಡ್ಡು ಬೇರೆ

ಥಾರ್ನ್‌ಟನ್, ಕೊಲೊರಾಡೊ
ಅಕ್ಟೋಬರ್ 12

ಅಮ್ಮನಿಗೆ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ಅಪ್ಪನ ಎದೆನೋವಿನ ಬಗ್ಗೆ ಬರೆದ ನಿನ್ನ ಪತ್ರ ಬಂತು. ಓದಿದಾಗಿನಿಂದ ಮನಸ್ಸಿಗೆ ಸಮಾಧಾನ ಇಲ್ಲ. ಫೋನಿನಲ್ಲಿ ಈ ಮಾತು ಆಡೋಕೆ ಆಗಲ್ಲ. ನೀನು ಸ್ಪೀಕರ್ ಹಾಕಿರುತ್ತೀಯ, ಅಪ್ಪ ಪಕ್ಕದಲ್ಲೇ ಕೂತಿರುತ್ತಾರೆ, "ಏನಿಲ್ಲ ಕಣೋ, ಗ್ಯಾಸು" ಅಂದು ಮಾತು ಮುಗಿಸಿಬಿಡುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ವಿಷಯ. "ಅವನು ಅಲ್ಲಿ ಮೀನು ಹಿಡಿಯೋ ಕೋಲಿಗೆ ಸಾವಿರಾರು ಸುರಿದಿದ್ದಾನೆ, ಅವನಿಗೂ ಖರ್ಚಿರುತ್ತೆ, ಆಂಜಿಯೋಗ್ರಾಂಗೆ ಅವನ ಹತ್ತಿರ ಕೇಳಬೇಡ" ಅಂತ ಅಪ್ಪ ಅಂದರಂತಲ್ಲ. ಸವಿತಕ್ಕನಿಗೆ ಕಳಿಸಿದ ಫೋಟೋ ನೋಡಿ ಅವರೇ ಲೆಕ್ಕ ಹಾಕಿಕೊಂಡಿದ್ದಾರೆ. ಆ ಕೋಲಿನ ಕಥೆ ಪೂರ್ತಿ ಬರೆಯುತ್ತೇನೆ, ಅಪ್ಪನಿಗೆ ಓದಿ ಹೇಳು. ಹೊಳೆಯ ವಿಷಯ ಅಂದರೆ ಕೂತು ಕೇಳುತ್ತಾರೆ.

ಅಂಗಡಿಯ ಹೆಸರು ಕಬೇಲಾಸ್. 1961ರಲ್ಲಿ ನೆಬ್ರಾಸ್ಕಾದ ಚಾಪೆಲ್ ಅನ್ನೋ ಸಣ್ಣ ಊರಲ್ಲಿ ಡಿಕ್ ಕಬೇಲಾ ಅನ್ನೋರು ಗಾಳಕ್ಕೆ ಕಟ್ಟೋ ಹುಳಗಳನ್ನು (ನಿಜವಾದ ಹುಳ ಅಲ್ಲ, ಕೈಯಲ್ಲಿ ಮಾಡಿದ್ದು) ಅಂಚೆಯಲ್ಲಿ ಮಾರುತ್ತಾ ಶುರು ಮಾಡಿದ್ದಂತೆ. ಆರ್ಡರುಗಳನ್ನೆಲ್ಲ ಗಂಡ ಹೆಂಡತಿ ಅಡಿಗೆಮನೆ ಮೇಜಿನ ಮೇಲೇ ಕಟ್ಟಿ ಕಳಿಸುತ್ತಿದ್ದರಂತೆ. 2017ರಲ್ಲಿ ಅದನ್ನು ಬಾಸ್ ಪ್ರೋ ಶಾಪ್ಸ್‌ನವರು ಕೊಂಡುಕೊಂಡರು. ಈಗ ಅಂಗಡಿ ಎಷ್ಟು ದೊಡ್ಡದು ಅಂದರೆ ಒಳಗೆ ಒಂದು ಗುಡ್ಡವನ್ನೇ ಕಟ್ಟಿದ್ದಾರೆ. ಅದರ ಮೇಲೆ ಕರಡಿ, ಕಾಡುಮೇಕೆ, ಜಿಂಕೆ, ಎಲ್ಲ ಒಳಗೆ ತುಂಬಿಸಿ ನಿಲ್ಲಿಸಿದ ಪ್ರಾಣಿಗಳು. ಪಕ್ಕದಲ್ಲಿ ಗಾಜಿನ ತೊಟ್ಟಿ, ಅದರಲ್ಲಿ ಜೀವಂತ ಮೀನು. ಏನೂ ಕೊಳ್ಳದವರೂ ಮಕ್ಕಳನ್ನು ಕರೆದುಕೊಂಡು ಬಂದು ನೋಡಿ ಹೋಗುತ್ತಾರೆ.

ಅಲ್ಲಿ ಸಾವಿರ ಡಾಲರ್ ದಾಟುವ ಕೋಲುಗಳ ಸುದ್ದಿಯೂ ಕೇಳಿಬರುತ್ತೆ, ನಿಜ. ನಾನು ಅದರ ಕಡೆ ಹೋಗಲಿಲ್ಲ. ಕೌಂಟರಿನಲ್ಲಿ ಅಪ್ಪನ ವಯಸ್ಸಿನವರೊಬ್ಬರಿದ್ದರು. ಎಷ್ಟು ದುಡ್ಡಿದೆ ಅಂತ ಕೇಳಲಿಲ್ಲ, ಯಾವ ಹೊಳೆಗೆ ಹೋಗ್ತೀಯ ಅಂತ ಕೇಳಿದರು. ಕ್ಲಿಯರ್ ಕ್ರೀಕ್ ಅಂದೆ. ಇಲ್ಲಿ ಗೋಲ್ಡನ್ ಊರಿನ ನಡುವೆಯೇ ಹರಿಯೋ ಹೊಳೆ ಅದು. "ಹಾಗಾದರೆ 9 ಅಡಿಯ 5 ನಂಬರ್ ಕೋಲು ಸಾಕು, ರೀಲು ದಾರ ಎಲ್ಲ ಜೊತೆಗೇ ಬರುವ ಸೆಟ್ ತಗೋ" ಅಂದರು. ಮೂರೂ ಸೇರಿ 200 ಡಾಲರಿನ ಒಳಗೇ ಆಯಿತು. ಕೋಲು ನಾಲ್ಕು ತುಂಡಾಗಿ ಬಿಚ್ಚಿಕೊಳ್ಳುತ್ತೆ, ಬಸ್ಸಿನಲ್ಲೂ ತರಬಹುದು.

ಈ ನಂಬರಿನ ವಿಷಯ ಅಪ್ಪನಿಗೆ ಹೇಳಲೇಬೇಕು. ನಮ್ಮ ಹೇಮಾವತಿಯಲ್ಲಿ ಗಾಳ ಎಸೆದರೆ ಸೀಸದ ಗುಂಡಿನ ಭಾರಕ್ಕೆ ದಾರ ಮುಂದೆ ಹೋಗುತ್ತೆ, ಅಲ್ವಾ? ಇಲ್ಲಿ ಗಾಳಕ್ಕೆ ಕಟ್ಟೋ ಹುಳಕ್ಕೆ ತೂಕವೇ ಇಲ್ಲ. ಎಲ್ಲ ಭಾರ ದಾರದಲ್ಲೇ ಇದೆ. 5 ನಂಬರ್ ದಾರ ಅಂದರೆ ಅದರ ಮುಂದಿನ 30 ಅಡಿ ಸುಮಾರು 9 ಗ್ರಾಂ ತೂಗಬೇಕು. ಕೋಲನ್ನು ಹಿಂದಕ್ಕೆ ಎತ್ತಿ, ದಾರ ಬೆನ್ನ ಹಿಂದೆ ಪೂರ್ತಿ ಬಿಚ್ಚಿಕೊಳ್ಳೋ ತನಕ ತಡೆದು, ಆಮೇಲೆ ಮುಂದಕ್ಕೆ ಬಿಡಬೇಕು. ಆ ಭಾರಕ್ಕೆ ಕೋಲು ಬಾಗಿ, ದಾರವನ್ನು ಎಸೆಯುತ್ತೆ. ಕೋಲಿನ ನಂಬರಿಗೂ ದಾರದ ನಂಬರಿಗೂ ಹೊಂದಿಕೆ ಇಲ್ಲದಿದ್ದರೆ ಎಷ್ಟು ದುಡ್ಡು ಕೊಟ್ಟ ಕೋಲಾದರೂ ಸುಮ್ನೆ.

ಹುಳಗಳನ್ನು ಅಪ್ಪ ನೋಡಬೇಕಿತ್ತು. ಸಣ್ಣ ಸಣ್ಣ ಗೂಡುಗಳ ತಟ್ಟೆಗಳಲ್ಲಿ ಸಾಲಾಗಿ ಇಟ್ಟಿದ್ದಾರೆ. ಒಂದನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡಿದೆ. ಭತ್ತದ ಕಾಳಿನಷ್ಟು ಮೈ. ರೆಕ್ಕೆಗೆ ಎಲ್ಕ್ ಅನ್ನೋ ದೊಡ್ಡ ಜಿಂಕೆಯ ಕೂದಲು. ಮೈಸುತ್ತ ಹುಂಜದ ಕತ್ತಿನ ಗರಿ ಸುತ್ತಿದ್ದಾರೆ, ಅದರ ಎಳೆಗಳೇ ಕಾಲು. ಆ ಕೂದಲು, ಗರಿಯ ದೆಸೆಯಿಂದ ನೀರಿನ ಮೇಲೆ ತೇಲುತ್ತೆ. ಒಂದಕ್ಕೆ ಎರಡು ಮೂರು ಡಾಲರ್. ನಮ್ಮ ಮನೆ ಕೆಂಪು ಹುಂಜದ ಗರಿ ಸಿಕ್ಕಿದರೆ ಅಪ್ಪ ಇದಕ್ಕಿಂತ ಚೆನ್ನಾಗಿ ಕಟ್ಟುತ್ತಾರೆ, ನನಗೆ ಅನುಮಾನವೇ ಇಲ್ಲ.

ಲೈಸೆನ್ಸ್ ಕೂಡ ಅದೇ ಅಂಗಡಿಯಲ್ಲಿ ಕೊಡುತ್ತಾರೆ. ವರ್ಷದ ಲೈಸೆನ್ಸ್ ಮಾರ್ಚ್ 1ಕ್ಕೆ ಶುರುವಾದರೆ ಮುಂದಿನ ಮಾರ್ಚ್ 31ರ ತನಕ ನಡೆಯುತ್ತೆ. ಕೆಲವು ಕಡೆ ಹಿಡಿದ ಮೀನನ್ನು ಹಾಗೇ ನೀರಿಗೆ ಬಿಡಬೇಕು ಅನ್ನೋ ಕಾನೂನು ಇದೆ, ಜನ ಅದನ್ನು ಪಾಲಿಸುತ್ತಾರೆ. ಶೃಂಗೇರಿಯಲ್ಲಿ ತುಂಗೆಯ ಮೀನನ್ನು ಯಾರೂ ಮುಟ್ಟದ್ದನ್ನು ನೋಡಿ ಬೆಳೆದ ನನಗೆ ಇದು ಹಿಡಿಸಿತು. ನೀರಿಗೆ ಇಳಿಯೋ ಉದ್ದದ ರಬ್ಬರ್ ಪ್ಯಾಂಟ್ ತಗೊಂಡಿಲ್ಲ ಅಮ್ಮ. ದಡದಲ್ಲೇ ನಿಲ್ಲುತ್ತೇನೆ. ನೀನು ಹೆದರಬೇಡ.

ಈಗ ಅಪ್ಪನ ವಿಷಯ. ಕೆಳಗಿನ ತೋಟದಿಂದ ಮನೆಗೆ ಹತ್ತುವಾಗ ಹಲಸಿನ ಮರದ ಹತ್ತಿರ ನಿಂತು ಎದೆ ಒತ್ತಿಕೊಳ್ಳುತ್ತಾರೆ, ಎರಡು ನಿಮಿಷ ನಿಂತರೆ ಸರಿಹೋಗುತ್ತೆ ಅಂತ ಬರೆದಿದ್ದೀಯ. ಹತ್ತುವಾಗ ಬಂದು ನಿಂತಾಗ ಹೋಗೋ ನೋವನ್ನು ಗ್ಯಾಸ್ ಅಂತ ಬಿಟ್ಟುಬಿಡೋದು ಬೇಡ. ಹೃದಯಕ್ಕೆ ರಕ್ತ ಸಾಲದಿದ್ದಾಗಲೂ ಹೀಗೇ ಆಗುತ್ತೆ. ಮೂಡಿಗೆರೆ ಡಾಕ್ಟ್ರು ಇಸಿಜಿ ನೋಡಿ ಆಂಜಿಯೋಗ್ರಾಂ ಮಾಡಿಸಿ ಅಂದಮೇಲೆ ಮಾಡಿಸಲೇಬೇಕು. ಕೊಯ್ಲು ಮುಗಿಯಲಿ ಅಂದರೆ ಜನವರಿ ಆಗುತ್ತೆ. ಅಷ್ಟು ದಿನ ಕಾಯೋದು ಬೇಡ.

ಅದು ಆಪರೇಷನ್ ಅಲ್ಲ ಅಂತ ಅವರಿಗೆ ಬಿಡಿಸಿ ಹೇಳು. ಮಣಿಕಟ್ಟಿನಿಂದಲೋ ತೊಡೆಯಿಂದಲೋ ಸಣ್ಣ ನಳಿಗೆ ಬಿಟ್ಟು, ಬಣ್ಣದ ಔಷಧಿ ಹಾಕಿ, ರಕ್ತನಾಳ ಎಲ್ಲಿ ಕಟ್ಟಿದೆ ಅಂತ ಎಕ್ಸ್‌ರೇಯಲ್ಲಿ ನೋಡುತ್ತಾರೆ. ಪ್ರಜ್ಞೆ ತಪ್ಪಿಸೋದಿಲ್ಲ. ಹೆಚ್ಚಿನವರು ಅದೇ ದಿನ, ಇಲ್ಲ ಮಾರನೇ ದಿನ ಮನೆಗೆ ಬರುತ್ತಾರೆ. ಬಾವ ಮೈಸೂರಿನ ಜಯದೇವಕ್ಕೆ ಕರೆದುಕೊಂಡು ಹೋಗಲಿ. ಸವಿತಕ್ಕನ ಅಕೌಂಟಿಗೆ ಎರಡು ಲಕ್ಷ ಹಾಕಿದ್ದೇನೆ. ಸ್ಟೆಂಟ್ ಬೇಕಾದರೆ ಇನ್ನೂ ಇದೆ, ಅದನ್ನು ಮುಟ್ಟದೆ ಬೇರೆ ಇಟ್ಟಿದ್ದೇನೆ. ಕೋಲಿಗೆ ಕೊಟ್ಟಿದ್ದು ಇದರಲ್ಲಿ ಒಂದು ಪೈಸೆಯೂ ಅಲ್ಲ. ನನಗೆ ಯಾವ ತೊಂದರೆಯೂ ಇಲ್ಲ. ಸಂಬಳ ಸರಿಯಾಗಿ ಬರುತ್ತಿದೆ, ಅಡಿಗೆ ಮನೆಯಲ್ಲೇ ಮಾಡಿಕೊಳ್ಳುತ್ತೇನೆ, ಸಾಲ ಇಲ್ಲ.

ತೋಟ ನೋಡೋಕೆ ರೈಟರ್ ಮಂಜಣ್ಣ ಇದ್ದಾರೆ. ಅವರಿಗೆ ನಾನೇ ಫೋನ್ ಮಾಡುತ್ತೇನೆ.

ಇನ್ನೊಂದು ಮಾತು. ಸುಮ್ಮನೆ ಕೂತಾಗಲೂ ಎದೆ ಹಿಡಿದರೆ, ಬೆವರು ಬಂದರೆ, ಎಡಗೈಗೆ ನೋವು ಇಳಿದರೆ ಬೆಳಗಾಗಲಿ ಅಂತ ಕಾಯಬೇಡ. ರಾತ್ರಿ ಎಷ್ಟು ಹೊತ್ತಾದರೂ 108ಕ್ಕೆ ಫೋನ್ ಮಾಡಿ, ನನಗೆ ಆಮೇಲೆ ಹೇಳಿದರೂ ಪರವಾಗಿಲ್ಲ. ಬರಬೇಕು ಅಂದರೆ ಅದೇ ದಿನ ಹೊರಡುತ್ತೇನೆ.

ಡಾಕ್ಟ್ರು ಸರಿ ಅಂದಮೇಲೆ ಮುಂದಿನ ಬೇಸಿಗೆಗೆ ಅಪ್ಪನ ಟಿಕೆಟ್ ನನ್ನದು. ಅವರಿಗೂ ಒಂದು ಕೋಲು ಕೊಡಿಸುತ್ತೇನೆ.

ಕೆಲಸಕ್ಕೆ ಹೊತ್ತಾಯಿತು. ಅಜ್ಜಿಗೆ ನಮಸ್ಕಾರ, ಪುಟ್ಟಿಗೆ ಮುದ್ದು. ಬಾವ ದಿನ ಗೊತ್ತುಮಾಡಿದ ತಕ್ಷಣ ಮೆಸೇಜ್ ಹಾಕಲಿ. ಈ ವಾರದಲ್ಲೇ.

ನಿನ್ನ ಮಗ
ಸುಧಿ